ಬೀರು ಗೋಡೆಗೆ ತಾಗದಿರಲಿ

ನಮ್ಮ ಮನೆಯ ಕ್ರಯಪತ್ರವನ್ನು ದಾದಾ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದರು. ಕಳೆದ ಮಳೆಗಾಲದಲ್ಲಿ ತೆಗೆದು ನೋಡಿದರೆ ಬೂಷ್ಟು! ಬೀರು ತೇವದ ಗೋಡೆಗೆ ಒತ್ತಿಕೊಂಡಿತ್ತು. ಕವರಿನೊಳಗೆ ಸೇರಿದ ತೇವ ಹೊರಗೆ ಹೋಗಿರಲಿಲ್ಲ. ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ, ನಿಜ. ಆದರೆ ದಾದಾ ಉರ್ದುವಿನಲ್ಲಿ ಮಾಡಿದ್ದ ಸಹಿ ಅಳಿಸಿಹೋಗಿತ್ತು.

ಗಾಳಿಯ ತೇವಾಂಶ ಶೇ. 65 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯಬಹುದು. ಬೀಗ ಹಾಕಿದರೆ ಅದು ನಿಲ್ಲುವುದಿಲ್ಲ.

ವೋಚರ್ ಇಲ್ಲದೆ ಲೆಕ್ಕ ಬರೆಯಬಾರದು ಎಂದು ಕಾಮರ್ಸ್‌ನಲ್ಲಿ ಕಲಿಯುತ್ತೇವೆ. ಕಾಗದ ಉಳಿಸುವುದನ್ನೂ ಕಲಿಯೋಣ. ಮನೆಯಲ್ಲೂ ಕಾಲೇಜು ಕಚೇರಿಯಲ್ಲೂ ಬೀರುಗಳನ್ನು ಗೋಡೆಯಿಂದ ಒಂದು ಗೇಣು ಸರಿಸೋಣ, ಒಣ ಬಿಸಿಲಿನ ದಿನ ಬಾಗಿಲು ತೆರೆದಿಡೋಣ. ಇದಕ್ಕೆ ಖರ್ಚಿಲ್ಲ. ಕಚೇರಿಯವರು ಕರೆದರೆ ಬೀರು ಸರಿಸಲು ನಾನಂತೂ ಬರುತ್ತೇನೆ.