ಪಾಚಿಯಿಂದ ಎಣ್ಣೆ ಕೇಳುವ ಮುನ್ನ

ನೋಯ್ಡಾದಿಂದ ದಕ್ಷಿಣ ದೆಹಲಿಗೆ ಹೋಗುವ ಒಂದು ದಾರಿ ಕಾಳಿಂದಿ ಕುಂಜ್‌ನಲ್ಲಿ ಯಮುನೆಯನ್ನು ದಾಟುತ್ತದೆ. ಛಠ್ ಹಬ್ಬದ ಹೊತ್ತಿಗೆ ಅಲ್ಲಿ ನದಿಯ ಮೇಲೆ ಬಿಳಿ ನೊರೆ ತೇಲುತ್ತಿರುತ್ತದೆ. ಡಿಟರ್ಜೆಂಟ್ ಮತ್ತು ಫಾಸ್ಫೇಟ್ ತುಂಬಿದ ನೀರು ಬ್ಯಾರೇಜಿನಿಂದ ಕೆಳಗೆ ಧುಮುಕುವಾಗ ಏಳುವ ನೊರೆ ಅದು. ವಜೀರಾಬಾದ್‌ನಿಂದ ಓಖ್ಲಾದವರೆಗಿನ 22 ಕಿಲೋಮೀಟರ್ ಯಮುನೆಯ ಒಟ್ಟು ಉದ್ದದಲ್ಲಿ ಶೇ. 2 ಕೂಡ ಆಗುವುದಿಲ್ಲ. ಆದರೆ ನದಿಯ ಮಾಲಿನ್ಯದಲ್ಲಿ ಸುಮಾರು ಮುಕ್ಕಾಲು ಪಾಲು ಸೇರುವುದು ಇಲ್ಲೇ.

ಈ ನೀರಿನ ಮಾತು ಬಂದಾಗಲೆಲ್ಲ ಒಂದು ಸಲಹೆಯೂ ಬರುತ್ತದೆ. ಕೊಳಚೆ ನೀರಿನಲ್ಲಿ ಪಾಚಿ ಚೆನ್ನಾಗಿ ಬೆಳೆಯುತ್ತದೆ. ಸೂಕ್ಷ್ಮ ಪಾಚಿಯ ಕೋಶದೊಳಗೆ ಎಣ್ಣೆಯಿರುತ್ತದೆ. ಹಾಗಿದ್ದರೆ ಚರಂಡಿ ನೀರಿನಲ್ಲಿ ಪಾಚಿ ಬೆಳೆಸಿ, ಎಣ್ಣೆ ಹಿಂಡಿ, ಡೀಸೆಲ್ ಮಾಡಿದರೆ ನದಿಯೂ ಶುದ್ಧ, ಬಸ್ಸೂ ಓಡುತ್ತದಲ್ಲ? 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ ಪಾಚಿಗೂ ಜಾಗವಿದೆ. ದೆಹಲಿಯ ಐಸಿಜಿಇಬಿಯಲ್ಲಿ, ಫರೀದಾಬಾದಿನ ಇಂಡಿಯನ್ ಆಯಿಲ್ ಸಂಶೋಧನಾ ಕೇಂದ್ರದಲ್ಲಿ ಇದರ ಸಂಶೋಧನೆಯೂ ನಡೆದಿದೆ. ಹಾಗಾಗಿ ಇದನ್ನು ಹುಚ್ಚು ಕನಸು ಎಂದು ತಳ್ಳಿಹಾಕುವಂತಿಲ್ಲ. ಆದರೂ ನನ್ನ ಅಭಿಪ್ರಾಯ ಇಷ್ಟು: ನೀರು ತೊಳೆಯುವ ಪಾಚಿ ಬೇರೆ, ಎಣ್ಣೆ ಕೊಡುವ ಪಾಚಿ ಬೇರೆ. ಎರಡನ್ನೂ ಒಂದೇ ಯೋಜನೆಯಲ್ಲಿ ಕಟ್ಟಿ ಮಾರಿದರೆ ಕೊನೆಗೆ ಎರಡೂ ಕೈತಪ್ಪುತ್ತವೆ.

ಮೊದಲು ಎಣ್ಣೆಯ ಲೆಕ್ಕ ನೋಡೋಣ. ಕಡಲೆಕಾಯಿಯನ್ನು ಗಾಣಕ್ಕೆ ಹಾಕುವಾಗ ಅದು ಒಣಗಿರುತ್ತದೆ. ಪಾಚಿ ಹಾಗಲ್ಲ, ಅದು ನೀರಿನಲ್ಲಿ ಕದಡಿಕೊಂಡಿರುತ್ತದೆ. ತೆರೆದ ಕೊಳದ ಒಂದು ಲೀಟರ್ ನೀರಿನಲ್ಲಿ ಸಿಗುವ ಒಣ ಪಾಚಿ ಅರ್ಧ ಗ್ರಾಂ ಎಂದುಕೊಳ್ಳಿ. ಅದರ ತೂಕದಲ್ಲಿ ಕಾಲು ಭಾಗ ಎಣ್ಣೆ ಎಂದು ಧಾರಾಳವಾಗಿಯೇ ಹಿಡಿಯೋಣ. ಒಂದು ಕಿಲೋ ಎಣ್ಣೆಗೆ ನಾಲ್ಕು ಕಿಲೋ ಪಾಚಿ ಬೇಕು, ಅಂದರೆ ಎಂಟು ಸಾವಿರ ಲೀಟರ್ ನೀರು ಸೋಸಬೇಕು. ಸೋಸಿ, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಐದರಲ್ಲಿ ಒಂದು ಪಾಲು ಪಾಚಿಯಿರುವ ಗಸಿ ಮಾಡಿದರೂ ಅದರಲ್ಲಿ ಇನ್ನೂ ಹದಿನಾರು ಕಿಲೋ ನೀರು ಉಳಿದಿರುತ್ತದೆ. ಅಷ್ಟನ್ನು ಕಾಯಿಸಿ ಆವಿ ಮಾಡಲು ಸುಮಾರು 41 ಮೆಗಾಜೂಲ್ ಶಾಖ ಬೇಕು. ಒಂದು ಕಿಲೋ ಎಣ್ಣೆ ಉರಿಸಿದರೆ ಸಿಗುವುದು ಸುಮಾರು 38 ಮೆಗಾಜೂಲ್. ಅಂದರೆ ಎಣ್ಣೆ ತೆಗೆಯುವ ಮೊದಲೇ, ಬರಿ ಒಣಗಿಸುವುದರಲ್ಲೇ ಅದರ ಶಕ್ತಿಗಿಂತ ಹೆಚ್ಚು ಖರ್ಚಾಯಿತು. ಇದಾದ ಮೇಲೆ ಗಟ್ಟಿ ಕೋಶಗೋಡೆ ಒಡೆಯಬೇಕು, ಹೆಕ್ಸೇನ್‌ನಂಥ ದ್ರಾವಕದಲ್ಲಿ ಎಣ್ಣೆ ಇಳಿಸಬೇಕು, ಆ ದ್ರಾವಕವನ್ನು ಮತ್ತೆ ಬೇರ್ಪಡಿಸಬೇಕು.

ಇದಕ್ಕೆ ಉತ್ತರಗಳಿಲ್ಲ ಎಂದಲ್ಲ. ಬಿಸಿಲಲ್ಲಿ ಒಣಗಿಸಬಹುದು, ಶಾಖವನ್ನು ಮರುಬಳಸಬಹುದು, ಉಳಿದ ಹಿಂಡಿಯಿಂದಲೂ ಶಕ್ತಿ ಪಡೆಯಬಹುದು. ಹಸಿ ಗಸಿಯನ್ನೇ ಭಾರಿ ಒತ್ತಡದಲ್ಲಿ 300 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಕಚ್ಚಾ ತೈಲದಂಥ ದ್ರವ ಮಾಡುವ ವಿಧಾನವೂ ಇದೆ. ಆದರೆ ಈ ಪ್ರತಿಯೊಂದಕ್ಕೂ ಯಂತ್ರ ಬೇಕು, ಬಂಡವಾಳ ಬೇಕು. ಅಷ್ಟೆಲ್ಲ ಮಾಡಿದ ಮೇಲೂ ಅದು ಪಂಪಿನಲ್ಲಿ ಲೀಟರಿಗೆ ನೂರು ರೂಪಾಯಿಯೊಳಗೆ ಸಿಗುವ ಡೀಸೆಲ್‌ನೊಡನೆ ಸೆಣಸಬೇಕು.

ಎರಡನೆಯ ತೊಡಕು ಪಾಚಿಯ ಸ್ವಭಾವದಲ್ಲೇ ಇದೆ. ಇದರ ಬಗ್ಗೆ ಮಾತಾಡುವವರು ಕಡಿಮೆ. ಅನೇಕ ಪಾಚಿಗಳು ಎಣ್ಣೆ ಕೂಡಿಡುವುದು ಕಷ್ಟಕಾಲದಲ್ಲಿ, ಅದರಲ್ಲೂ ಸಾರಜನಕ ಸಿಗದಾಗ. ಆಗ ಕೋಶ ಎಣ್ಣೆ ತುಂಬಿಕೊಳ್ಳುತ್ತದೆ, ಆದರೆ ಬೆಳವಣಿಗೆ ನಿಲ್ಲುತ್ತದೆ. ಕೊಳಚೆ ನೀರಿನಲ್ಲಿ ಸಾರಜನಕ, ರಂಜಕಗಳಿಗೆ ಬರವೇ ಇಲ್ಲ. ಅಲ್ಲಿ ಪಾಚಿ ಹೊಟ್ಟೆತುಂಬ ಉಂಡು ಬೇಗ ಬೇಗ ಬೆಳೆಯುತ್ತದೆ, ನಾಳೆಗೆಂದು ಎಣ್ಣೆ ಕೂಡಿಡುವುದಿಲ್ಲ. ನೀರು ಚೆನ್ನಾಗಿ ತೊಳೆಯಬೇಕೆಂದರೆ ಪಾಚಿ ಉಣ್ಣಬೇಕು, ಎಣ್ಣೆ ಬೇಕೆಂದರೆ ಅದು ಉಪವಾಸ ಇರಬೇಕು.

ಜಗತ್ತು ಇದನ್ನು ದುಬಾರಿ ಬೆಲೆ ಕೊಟ್ಟು ಕಲಿತಿದೆ. ಅಮೆರಿಕ ಸರ್ಕಾರ 1978ರಲ್ಲಿ ಆರಂಭಿಸಿದ ಪಾಚಿ ಇಂಧನ ಕಾರ್ಯಕ್ರಮ ಮೂರು ಸಾವಿರ ತಳಿಗಳನ್ನು ಕಲೆಹಾಕಿ 1996ರಲ್ಲಿ ನಿಂತಿತು. ಎಕ್ಸಾನ್‌ಮೊಬಿಲ್ 2009ರಲ್ಲಿ 60 ಕೋಟಿ ಡಾಲರ್‌ವರೆಗೆ ಹೂಡುವುದಾಗಿ ಘೋಷಿಸಿ, ವರ್ಷಗಟ್ಟಲೆ ಜಾಹೀರಾತು ಕೊಟ್ಟು, 2023ರ ಹೊತ್ತಿಗೆ ಕೈಬಿಟ್ಟಿತು. ಅಮೆರಿಕದ ನೌಕಾಪಡೆಗೆ ಪಾಚಿ ಇಂಧನ ಒದಗಿಸಿದ್ದ ಸೊಲಾಜೈಮ್ ಕಂಪನಿ ಹೆಸರು ಬದಲಿಸಿ, ಆಹಾರದ ಎಣ್ಣೆಯತ್ತ ಹೊರಳಿ, 2017ರಲ್ಲಿ ದಿವಾಳಿಯಾಯಿತು.

ಸುಳ್ಳು ಭರವಸೆಯ ಬೆಲೆ ಎಷ್ಟೆಂದು ನಮಗೆ ಹೊರಗಿನವರು ಹೇಳಿಕೊಡಬೇಕಿಲ್ಲ. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜಟ್ರೋಫಾ ಬೆಳೆಸಿ ದೇಶದ ಡೀಸೆಲ್‌ಗೆ ಬೆರೆಸಬಹುದೆಂದು ಹೇಳಿತು. ಶೇ. 20ರ ಗುರಿಯನ್ನು 2009ರ ನೀತಿ 2017ಕ್ಕೆ ಇಟ್ಟುಕೊಂಡಿತು. ಅದು ಈಡೇರಲಿಲ್ಲ. ಹಾಸನದ ಕಡೆಯ ನಮ್ಮ ಊರಿನಲ್ಲಿ ಚಿಕ್ಕಪ್ಪ ಬದುವಿನುದ್ದಕ್ಕೂ ಆ ಸಸಿ ನೆಟ್ಟರು. ಕೊಳ್ಳುತ್ತೇವೆಂದು ಹೇಳಿಹೋದವರು ತಿರುಗಿ ಬರಲಿಲ್ಲ. ಪಕ್ಕದಲ್ಲೇ ಅಜ್ಜನ ಕಾಲದ ಹೊಂಗೆ ಮರ ಯಾರ ಭರವಸೆಯೂ ಇಲ್ಲದೆ ನೆರಳು, ಗೊಬ್ಬರ, ದೀಪದ ಎಣ್ಣೆ ಕೊಡುತ್ತಲೇ ಇತ್ತು. ನಂತರ ಒಳ್ಳೆಯ ಬೆಳೆಯ ಸುದ್ದಿ ತಂದವರನ್ನೂ ಚಿಕ್ಕಪ್ಪ ನಂಬಲಿಲ್ಲ. ಭರವಸೆ ಹುಸಿಯಾದರೆ ಹಣದ ಜೊತೆಗೆ ಮುಂದಿನ ಒಳ್ಳೆಯ ಕೆಲಸಕ್ಕೆ ಬೇಕಾದ ನಂಬಿಕೆಯೂ ಹೋಗುತ್ತದೆ.

ಹಾಗಾದರೆ ಪಾಚಿಯ ಎಣ್ಣೆಯನ್ನು ಮರೆತುಬಿಡಬೇಕೇ? ಬೇಡ. ಅದನ್ನು ಬೆಲೆ ಬರುವ ಕಡೆ ಬಳಸಬೇಕು. ಶಿಶು ಆಹಾರದಲ್ಲಿ ಸೇರಿಸುವ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬನ್ನು ಉದ್ಯಮ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಪಾಚಿಯಿಂದ ತೆಗೆದು ಮಾರುತ್ತಿದೆ. ಇದರ ಬೆಲೆ ಡೀಸೆಲ್‌ನ ಹಲವು ಪಟ್ಟು, ಆದ್ದರಿಂದ ಸೋಸುವ, ಒಣಗಿಸುವ ಖರ್ಚು ತಡೆಯುತ್ತದೆ. ಫರೀದಾಬಾದಿನಲ್ಲಿ ಇಂಡಿಯನ್ ಆಯಿಲ್, ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಲಾಂಜಾಟೆಕ್ ಕಂಪನಿ ಹಿಡಿದ ದಾರಿಯೂ ಇಂಥದ್ದೇ: ಒಂದು ಬ್ಯಾಕ್ಟೀರಿಯಾ ಇಂಗಾಲದ ಡೈಆಕ್ಸೈಡನ್ನು ಅಸಿಟೇಟ್ ಆಗಿಸುತ್ತದೆ, ಪಾಚಿಯ ಬಳಗದ್ದೆಂದು ಹೇಳುವ ಇನ್ನೊಂದು ಸೂಕ್ಷ್ಮಜೀವಿ ಅದನ್ನು ಉಂಡು ಒಮೆಗಾ-3 ಕೊಬ್ಬು ಮಾಡುತ್ತದೆ. ಎರಡನೆಯ ಜೀವಿಗೆ ಮುಚ್ಚಿದ ತೊಟ್ಟಿ ಸಾಕು, ಬಿಸಿಲು ಬೇಕಿಲ್ಲ. ಜನವರಿಯ ಮಂಜು, ನವೆಂಬರಿನ ಹೊಗೆ, ಮೇ ತಿಂಗಳ 45 ಡಿಗ್ರಿ ಇರುವ ಈ ಊರಿಗೆ ತೆರೆದ ಕೊಳಕ್ಕಿಂತ ಇದು ಒಗ್ಗುತ್ತದೆ.

ಕೊಳಚೆಯ ಪಾಚಿಗೆ ಬೇರೆ ಕೆಲಸವಿದೆ. ಸ್ಪೇನಿನ ಚಿಕ್ಲಾನಾ ಪಟ್ಟಣದಲ್ಲಿ ಕೊಳಚೆಯಲ್ಲಿ ಬೆಳೆದ ಪಾಚಿಯನ್ನು ಎಣ್ಣೆಗೆ ಹಿಂಡಲಿಲ್ಲ, ಕೊಳೆಸಿ ಅನಿಲ ಮಾಡಿದರು, ಆ ಅನಿಲದಲ್ಲಿ ಕಾರು ಓಡಿಸಿದರು. ಕೊಳೆಸಲು ಒಣಗಿಸಬೇಕಿಲ್ಲ. ಬಸ್ಸು, ಆಟೋಗಳನ್ನು ಎರಡು ದಶಕಗಳ ಹಿಂದೆಯೇ ಸಿಎನ್‌ಜಿಗೆ ಬದಲಿಸಿದ ದೆಹಲಿಗೆ ಇದು ಎಣ್ಣೆಗಿಂತ ಹತ್ತಿರದ ದಾರಿ. ಇದೇ ಊರಿನ ಪೂಸಾ ಸಂಸ್ಥೆ ನೀಲಿ-ಹಸಿರು ಪಾಚಿಯನ್ನು ಭತ್ತದ ಗದ್ದೆಗೆ ಗೊಬ್ಬರವಾಗಿ ಬಳಸುವುದನ್ನು ದಶಕಗಳಿಂದ ಅಭ್ಯಾಸ ಮಾಡಿದೆ. ಅಲ್ಲಿ ಯಾರೂ ಪಾಚಿಯಿಂದ ಪೆಟ್ರೋಲ್ ಕೇಳಲಿಲ್ಲ.

ಇದರಿಂದ ಇಡೀ ದೆಹಲಿಯ ಕೊಳಚೆ ತೀರುತ್ತದೆಂದು ಹೇಳಿದರೆ ನಾನೂ ಅದೇ ತಪ್ಪು ಮಾಡಿದಂತೆ. ನಗರದ ಕೊಳಚೆ ದಿನಕ್ಕೆ ಸುಮಾರು 360 ಕೋಟಿ ಲೀಟರ್. ಒಂದು ಅಡಿ ಆಳದ ಕೊಳದಲ್ಲಿ ಐದು ದಿನ ನಿಲ್ಲಿಸಬೇಕೆಂದರೆ ಸುಮಾರು 60 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ದ್ವಾರಕಾ ಉಪನಗರದಷ್ಟು ಜಾಗ ಬೇಕು. ಅಷ್ಟು ಜಾಗ ಇಲ್ಲಿ ಸಿಗದು. ನಗರದಂಚಿನ ಕೆಲವು ಶುದ್ಧೀಕರಣ ಘಟಕಗಳ ಪಕ್ಕದಲ್ಲಿ, ಕೊನೆಯ ಹಂತದ ತೊಳೆತಕ್ಕೆ ಇದನ್ನು ಬಳಸಬಹುದು. ಉಳಿದದ್ದಕ್ಕೆ ಒಳಚರಂಡಿ ಮತ್ತು ಮಾಮೂಲಿ ಘಟಕಗಳೇ ಗತಿ.

ಆದ್ದರಿಂದ ಮುಂದಿನ ಬಾರಿ ಪಾಚಿ ಯೋಜನೆಗೆ ಸಾರ್ವಜನಿಕ ಹಣ ಕೇಳುವವರಿಗೆ ಎರಡು ಅರ್ಜಿ ನಮೂನೆ ಕೊಡಬೇಕು. ಒಂದರಲ್ಲಿ ಎಷ್ಟು ರಂಜಕ, ಸಾರಜನಕ ತೆಗೆದಿರಿ ಎಂದು ಬರೆಯಲಿ. ಇನ್ನೊಂದರಲ್ಲಿ ಒಂದು ಕಿಲೋ ಎಣ್ಣೆಗೆ ಎಷ್ಟು ಶಕ್ತಿ ಸುಟ್ಟಿರಿ, ಅದನ್ನು ಯಾರು ಯಾವ ಬೆಲೆಗೆ ಕೊಂಡರು ಎಂದು ಬರೆಯಲಿ. ಎರಡನ್ನೂ ಒಂದೇ ಹಾಳೆಯಲ್ಲಿ ತುಂಬಿ ತಂದವರನ್ನು ಕೂರಿಸಿ, ಆ ಹದಿನಾರು ಕಿಲೋ ನೀರನ್ನು ಏನು ಮಾಡಿದಿರಿ ಎಂದು ಕೇಳಬೇಕು.