ಜಗುಲಿ ಇಲ್ಲದ ಮನೆಗೊಂದು ಚಪ್ಪಲಿ ಗೂಡು

ಹದಿನಾರು ಅಡಿ ಉದ್ದದ ಮನೆಯಲ್ಲಿ ಅಡುಗೆಮನೆ ಇರುತ್ತೆ, ಹಾಸಿಗೆ ಇರುತ್ತೆ, ಬಚ್ಚಲೂ ಇರುತ್ತೆ. ಇಲ್ಲದ್ದು ಒಂದೇ, ಜಗುಲಿ. ಬಾಗಿಲು ತೆಗೆದು ಎರಡು ಮೆಟ್ಟಿಲು ಹತ್ತಿದರೆ ನೇರ ಮನೆಯ ನಡುಮಧ್ಯದಲ್ಲೇ ಇರುತ್ತೀರಿ. ಹಾಗಾದರೆ ಚಪ್ಪಲಿ ಎಲ್ಲಿ ಬಿಡೋದು?

ನಾನು ಹೇಳ್ತಿರೋದು ಟ್ರಾವೆಲ್ ಟ್ರೇಲರ್ ಬಗ್ಗೆ. ಇಲ್ಲಿ ಅಮೆರಿಕದಲ್ಲಿ ಕಾರಿನ ಹಿಂದೆ ಕೊಕ್ಕೆ ಹಾಕಿ ಎಳೆದುಕೊಂಡು ಹೋಗುವ, ತನ್ನದೇ ಇಂಜಿನ್ ಇಲ್ಲದ ಚಕ್ರದ ಮನೆ. ಸಿಯಾಟಲ್ ಹತ್ತಿರ ಇರುವ ನಾವಿಬ್ಬರೂ ಒಂದು ಸೆಕೆಂಡ್ ಹ್ಯಾಂಡ್ ಟ್ರೇಲರ್ ತೆಗೆದುಕೊಂಡಿದ್ದೇವೆ. ಇಬ್ಬರೇ ಓಡಾಡುವಾಗ ಶೂ ಒಂದು ಸಮಸ್ಯೆಯೇ ಅಲ್ಲ. ಬಾಗಿಲ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬ ಸಾಕು. ಆದರೆ ಈ ಸಲ ತೀರ್ಥಹಳ್ಳಿಯಿಂದ ಅಪ್ಪ, ಅಮ್ಮ ಬರುವವರಿದ್ದರು. ಅಮ್ಮನಿಗೆ ಮಂಡಿನೋವು. ಬಗ್ಗಿ ಶೂ ಹಾಕಿಕೊಳ್ಳೋದು ಕಷ್ಟ ಅಂತ ಹಿಂದಿನ ಸಲ ಬಂದಾಗ ಎಷ್ಟೋ ದಿನ ವಾಕಿಂಗಿಗೇ ಬರ್ತಿರಲಿಲ್ಲ. "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ" ಅನ್ನೋದು ಅವಳ ರೂಢಿಯ ಮಾತು. ಫೋನಿನಲ್ಲಿ ಟ್ರೇಲರ್ ತೋರಿಸಿದಾಗಲೂ ಅದನ್ನೇ ಹೇಳಿದಳು. ಹಾಗಾಗಿ ಇದು ಬರೀ ಚಪ್ಪಲಿ ಇಡುವ ಪ್ರಶ್ನೆಯಾಗಿರಲಿಲ್ಲ. ಅಮ್ಮ ಹೊರಡ್ತಾಳಾ ಇಲ್ಲವಾ ಅನ್ನೋದೇ ಅದರ ಮೇಲೆ ನಿಂತಿತ್ತು.

ನಾವು ಹೋಗಬೇಕಿದ್ದ ಜಾಗ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಹೋ ಮಳೆಕಾಡು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತೆ, ಹಾಗಾಗಿ ತೀರ್ಥಹಳ್ಳಿಯವರಿಗೆ ಇದೇನು ದೊಡ್ಡ ಮಳೆಯಲ್ಲ. ಆದರೆ ಊರಲ್ಲಿ ಕೆಸರು ಕಾಲನ್ನು ಅಂಗಳದಲ್ಲೇ ತೊಳೆದು, ಚಪ್ಪಲಿಯನ್ನು ಜಗುಲಿಯ ಕೆಳಗೆ ಬಿಟ್ಟು ಒಳಗೆ ಬರಬಹುದು. ಇಲ್ಲಿ ನಾಲ್ಕು ಜನರ ಎಂಟು ಜೊತೆ, ಅದರಲ್ಲಿ ಅರ್ಧ ಒದ್ದೆ, ಎಲ್ಲಾ ಮನೆಯೊಳಗೇ.

ಅಂತರ್ಜಾಲದಲ್ಲಿ ಹುಡುಕಿದರೆ ಇದಕ್ಕೆ ನೂರು ಉಪಾಯ ಸಿಗುತ್ತವೆ. ಬಾಗಿಲಿಗೆ ನೇತು ಹಾಕುವ ಜೇಬುಗಳ ಬಟ್ಟೆ ಬಹಳ ಜನಪ್ರಿಯ. ಫೋಟೋದಲ್ಲಿ ಚೆನ್ನಾಗಿರುತ್ತೆ, ಯಾಕಂದ್ರೆ ಫೋಟೋದಲ್ಲಿ ಶೂಗಳು ಯಾವಾಗಲೂ ಒಣಗಿರುತ್ತವೆ. ಒದ್ದೆ ಬೂಟು ಹಾಕಿ ನೋಡಿ, ಮೇಲಿನ ಜೇಬಿನ ನೀರು ಕೆಳಗಿನದಕ್ಕೆ ತೊಟ್ಟಿಕ್ಕುತ್ತೆ. ಗೋಡೆಗೆ ತಗಲಿಸುವ ತೆಳು ಕಪಾಟುಗಳೂ ಇವೆ. ಆದರೆ ಟ್ರೇಲರಿನ ಗೋಡೆ ಅಂದರೆ ಹೊರಗೆ ಅಲ್ಯೂಮಿನಿಯಂ ಅಥವಾ ಫೈಬರ್‌ಗ್ಲಾಸ್ ಹಾಳೆ, ನಡುವೆ ಚಳಿ ತಡೆಯುವ ಫೋಮ್, ಒಳಗೆ ಸುಮಾರು 3 ಮಿ.ಮೀ. ಪ್ಲೈವುಡ್. ಒಳಗಿನ ಚೌಕಟ್ಟಿನ ಪಟ್ಟಿ ಸಿಗದ ಕಡೆ ಸ್ಕ್ರೂ ಹಾಕಿದರೆ ಕೈಯಲ್ಲೇ ಕಿತ್ತು ಬರುತ್ತೆ.

ನನ್ನ ಮೊದಲ ನಕ್ಷೆಯಲ್ಲಿ ಶೂ ಗೂಡು ಇದ್ದದ್ದು ಊಟದ ಬೆಂಚಿನ ಅಡಿಯಲ್ಲಿ. ಜಾಗದ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಅರ್ಧ ಖಾಲಿಯೇ ಇರುತ್ತೆ. ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ವಿವರಿಸಿದೆ. "ಅಲ್ಲ ಮಾರಾಯ, ಊಟಕ್ಕೆ ಕೂರೋ ಜಾಗದ ಅಡಿಗೆ ಯಾರಾದ್ರೂ ಚಪ್ಪಲಿ ಇಡ್ತಾರೇನೋ?" ಅಂದಳು. ನಾನು ಸಾಫ್ಟ್‌ವೇರಿನವನು. ಬಳಸುವವರು ಬೇಡ ಅಂದಮೇಲೆ ಡಿಸೈನ್ ಸರಿಯಿದೆ ಅಂತ ವಾದ ಮಾಡಿ ಪ್ರಯೋಜನವಿಲ್ಲ ಅನ್ನೋದು ಆಫೀಸಿನಲ್ಲೇ ಕಲಿತ ವಿಷಯ. ಆದರೆ ಊಟದ ಜಾಗ ಬೇಡ, ಅಡುಗೆಯ ಜಾಗ ಬೇಡ, ತಲೆದಿಂಬಿನ ಹತ್ತಿರ ಬೇಡ, ದೇವರ ಫೋಟೋ ಇರುವ ಕಡೆಯಂತೂ ಬೇಡವೇ ಬೇಡ ಅಂತ ಒಂದೊಂದೇ ತೆಗೆದರೆ ಹದಿನಾರು ಅಡಿಯಲ್ಲಿ ಉಳಿಯೋದು ಎಷ್ಟು? ಬಾಗಿಲ ಪಕ್ಕ, ಹಾಸಿಗೆಯ ಕಾಲಬದಿ. ಅಷ್ಟೇ. "ಕಾಲಿನ ಹತ್ರ ಆದ್ರೆ ಅಡ್ಡಿಲ್ಲ" ಅಂತ ಒಪ್ಪಿಗೆ ಬಂತು.

ಆಮೇಲೆ ನೋಡಿದರೆ ಅದೇ ಸರಿಯಾದ ಜಾಗ. ಅಲ್ಲಿ ಗೂಡಿನ ಮೇಲ್ಭಾಗವನ್ನು ಕೂರುವ ಮಣೆಯಾಗಿ ಮಾಡಬಹುದು. ಊಟದ ಬೆಂಚಿನ ಅಡಿಯಲ್ಲಿಟ್ಟಿದ್ದರೆ ಅಮ್ಮ ಬಗ್ಗಿ ಬಗ್ಗಿ ಹುಡುಕಬೇಕಿತ್ತು.

ಅಳತೆಗೆ ಕೂರುವ ಮೊದಲು ಎರಡು ಕಡೆ ಟಾರ್ಚ್ ಹಿಡಿದು ನೋಡಿ. ಒಂದು, ಹಾಸಿಗೆಯ ಹಲಗೆ ಎತ್ತಿ ಅದರ ಅಡಿಗೆ. ಟ್ರೇಲರುಗಳಲ್ಲಿ ಹಾಸಿಗೆ, ಬೆಂಚುಗಳ ಅಡಿಯಲ್ಲೇ ನೀರಿನ ಪೈಪು, ಟ್ಯಾಂಕು, ವೈರುಗಳು ಓಡಾಡಿರುತ್ತವೆ. ಉದ್ದ ಸ್ಕ್ರೂ ಹಾಕಿ ಪೈಪಿಗೆ ತೂತು ಬಿದ್ದರೆ ಕಥೆ ಮುಗಿಯಿತು. ಇದೇ ಕಾರಣಕ್ಕೆ ನೆಲಕ್ಕೆ ಸ್ಕ್ರೂ ಹಾಕಲೇಬೇಡಿ. ನೆಲದ ಅಡಿಯಲ್ಲಿ ಏನಿದೆ ಅಂತ ಒಳಗಿನಿಂದ ಕಾಣೋದಿಲ್ಲ.

ಇನ್ನೊಂದು, ಗ್ಯಾಸ್ ಅಲಾರ್ಮ್ ಎಲ್ಲಿದೆ ಅಂತ ನೋಡಿ. ಟ್ರೇಲರಿನ ಒಲೆ, ಹೀಟರ್ ಎರಡೂ ನಡೆಯೋದು ಪ್ರೊಪೇನಿನಲ್ಲಿ. ಅದು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಸೋರಿದರೆ ನೆಲದ ಹತ್ತಿರವೇ ಶೇಖರವಾಗುತ್ತೆ. ಹಾಗಾಗಿ ಈ ಅಲಾರ್ಮನ್ನು ನೆಲದಿಂದ ಸ್ವಲ್ಪವೇ ಮೇಲೆ ಕೂರಿಸಿರುತ್ತಾರೆ. ಬಾಗಿಲ ಬಳಿಯ ಶೂ ರಾಶಿ ಮೊದಲು ಮುಚ್ಚಿ ಹಾಕೋದೇ ಇಂಥ ಕೆಳಗಿನ ಜಾಗವನ್ನ. ನಮ್ಮದರಲ್ಲಿ ಅದು ಹಾಸಿಗೆಯ ಕಾಲಬದಿಯ ಹಲಗೆಯಲ್ಲೇ ಇದೆ. ಗೂಡನ್ನು ಅದರಿಂದ ಒಂದು ಗೇಣು ದೂರದಲ್ಲಿ ಮುಗಿಸಿದೆ. ಅಂದಹಾಗೆ ಈ ಅಲಾರ್ಮುಗಳಿಗೆ ಆಯಸ್ಸು ಸಾಮಾನ್ಯವಾಗಿ ಐದರಿಂದ ಏಳು ವರ್ಷ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡವರು ಹಿಂಬದಿಯ ದಿನಾಂಕ ನೋಡಿ. ಹೀಟರಿನ ಗಾಳಿ ಹೋಗುವ ಜಾಲರಿಯನ್ನೂ ಯಾವ ಗೂಡೂ ಅಡ್ಡಗಟ್ಟಬಾರದು.

ಈಗ ಅಳತೆ. ಉದ್ದ 75 ಸೆಂ.ಮೀ., ಆಳ 32, ಎತ್ತರ 45. ಎತ್ತರಕ್ಕೆ ಕಾರಣ ಅಮ್ಮನ ಮಂಡಿ. ಕೂತು ಏಳಲು ಸಾಧಾರಣ ಕುರ್ಚಿಯಷ್ಟು ಎತ್ತರ ಬೇಕು, ಅದಕ್ಕಿಂತ ತಗ್ಗಾದರೆ ಏಳುವಾಗ ಕೈ ಹಿಡಿಯೋರು ಬೇಕು. ಆಳಕ್ಕೆ ಕಾರಣ ಅಪ್ಪನ ಬೂಟು, ಹೊರಗಿನ ಅಳತೆ 30 ಸೆಂ.ಮೀ. ಇತ್ತು. ಓಡಾಡಲು 58 ಸೆಂ.ಮೀ. ದಾರಿ ಉಳಿಯಿತು. ಟ್ರೇಲರಿಗೆ ಇರೋದು ಒಂದೇ ಬಾಗಿಲು. ರಾತ್ರಿ ಏನಾದರೂ ಆಗಿ ಕತ್ತಲಲ್ಲಿ ನಾಲ್ಕೂ ಜನ ಹೊರಗೆ ಓಡಬೇಕಾದರೆ ಆ ದಾರಿಯಲ್ಲಿ ಒಂದು ಹವಾಯಿ ಚಪ್ಪಲಿಯೂ ಬಿದ್ದಿರಬಾರದು. ಗೂಡಿಗೆ ಬಾಗಿಲು, ಡ್ರಾಯರ್ ಯಾವುದನ್ನೂ ಇಡದೆ ಮುಂದೆ ತೆರೆದೇ ಬಿಟ್ಟಿದ್ದು ಅದಕ್ಕೇ. ತೆರೆಯಬೇಕಾದ ಗೂಡಿನೊಳಗೆ ಸುಸ್ತಾದವರು ಚಪ್ಪಲಿ ಇಡೋದಿಲ್ಲ, ಮುಂದೆ ಬಿಟ್ಟು ಹೋಗ್ತಾರೆ.

ಕೆಳಗಿನ ಅಂತಸ್ತಿನ ಎತ್ತರ 20 ಸೆಂ.ಮೀ. ಅಲ್ಲಿ ಮೂರು ಜೊತೆ ಬೂಟು, ಅಡಿಯಲ್ಲಿ ಅಂಚು ಎತ್ತರವಿರುವ ಪ್ಲಾಸ್ಟಿಕ್ ತಟ್ಟೆ. ಮೇಲಿನದು 12 ಸೆಂ.ಮೀ. ಅಮ್ಮನ ಕ್ಯಾನ್ವಾಸ್ ಶೂ ಒಂದು ಮೂಲೆಯಲ್ಲಿ, ಉಳಿದ ಜಾಗದಲ್ಲಿ ನಾಲ್ಕು ಜೊತೆ ಚಪ್ಪಲಿ. ಚಪ್ಪಲಿಯನ್ನು ಮಲಗಿಸಿಟ್ಟರೆ ಎರಡೂವರೆ ಜೊತೆಗೇ ಜಾಗ ಮುಗಿಯುತ್ತೆ. ಅಟ್ಟೆಗೆ ಅಟ್ಟೆ ತಾಗಿಸಿ, ಪುಸ್ತಕದ ಹಾಗೆ ನಿಲ್ಲಿಸಿದರೆ ಒಂದು ಜೊತೆಗೆ ಎಂಟು ಸೆಂ.ಮೀ. ಸಾಕು. ತಲೆಗೆ ಎರಡು ಜೊತೆ, ಅದಕ್ಕಿಂತ ಹೆಚ್ಚಿಲ್ಲ ಅಂತ ಮೊದಲೇ ತೀರ್ಮಾನವಾಗಿತ್ತು. ನನ್ನ ಹೆಂಡತಿಯ ಮೂರನೇ ಜೊತೆ ಕಾರಿನ ಡಿಕ್ಕಿಯಲ್ಲಿ ಬಂತು. ಅದರ ಬಗ್ಗೆ ನಾನೇನೂ ಮಾತಾಡಲಿಲ್ಲ.

ಮರ ಪೈನ್. ಇಲ್ಲಿನ ಮರದಂಗಡಿಗೆ ಹೊಸದಾಗಿ ಹೋಗುವ ನಮ್ಮವರಿಗೆ ಒಂದು ಎಚ್ಚರಿಕೆ: ಎರಡು ಬೈ ನಾಲ್ಕು ಅಂತ ಮಾರುವ ಮರ ನಿಜಕ್ಕೂ ಇರೋದು ಒಂದೂವರೆ ಇಂಚು ಬೈ ಮೂರೂವರೆ. ಒಂದು ಬೈ ಮೂರು ಅಂದರೆ ಮುಕ್ಕಾಲು ಬೈ ಎರಡೂವರೆ. ಹೆಸರು ಮರ ಕೊಯ್ದಾಗಿನದು, ಅಳತೆ ಒಣಗಿಸಿ ಹತ್ತರಿ ಹೊಡೆದ ಮೇಲಿನದು. ನಕ್ಷೆ ಬರೆಯುವಾಗ ಹೆಸರನ್ನಲ್ಲ, ಟೇಪ್ ತೋರಿಸಿದ್ದನ್ನು ನಂಬಿ.

ಪ್ರತಿ ಅಂತಸ್ತಿಗೂ ಒಂದು ಬೈ ಮೂರರ ನಾಲ್ಕು ಪಟ್ಟಿ, ನಡುವೆ ಎರಡೆರಡು ಸೆಂ.ಮೀ. ಸಂದು. ಇಡೀ ಹಲಗೆ ಹಾಕಿದರೆ ಗಟ್ಟಿ ಕಾಣುತ್ತೆ, ಆದರೆ ಶೂ ಒಣಗೋದಿಲ್ಲ. ಸಂದಿನಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಪಕ್ಕಗಳೂ ಬರೀ ಚೌಕಟ್ಟು. ಹೊರಗೋಡೆಯ ಕಡೆ ಮೂರು ಸೆಂ.ಮೀ. ಬಿಟ್ಟೆ. ಚಳಿಯಲ್ಲಿ ನಾಲ್ಕು ಜನರ ಉಸಿರಿನ ತೇವ ಹೋಗಿ ಕೂರೋದು ಆ ತಣ್ಣನೆಯ ಗೋಡೆಯ ಮೇಲೇ. ಅದಕ್ಕೆ ತಾಗಿಸಿ ಚರ್ಮದ ಶೂ ಇಟ್ಟರೆ ಮಲೆನಾಡಿನವರಿಗೆ ಹೇಳಬೇಕಾ, ಬೂಷ್ಟು ಬರುತ್ತೆ. ಅಂಗಡಿಯ ಸಿದ್ಧ ಕಪಾಟು ಬೇಡವೆಂದದ್ದೂ ಇದಕ್ಕೇ. ಒತ್ತಿದ ಮರದ ಪುಡಿಯ ಹಲಗೆ ನೀರು ಕುಡಿದರೆ ಇಡ್ಲಿಯ ಹಾಗೆ ಉಬ್ಬುತ್ತೆ, ಮೇಲಾಗಿ ಭಾರ.

ಭಾರದ ಮಾತು ಯಾಕೆ ಅಂದರೆ, ಟ್ರೇಲರಿನ ಬಾಗಿಲ ಬಳಿ ಒಂದು ಹಳದಿ ಚೀಟಿ ಅಂಟಿಸಿರುತ್ತಾರೆ. ಒಳಗೆ ಒಟ್ಟು ಎಷ್ಟು ಕೆ.ಜಿ. ಸಾಮಾನು ತುಂಬಬಹುದು ಅಂತ. ಅದರಲ್ಲಿ ನೀರೂ ಸೇರಿತು, ಒಂದು ಗ್ಯಾಲನ್ನಿಗೆ 3.8 ಕೆ.ಜಿ. ನನ್ನ ಗೂಡು ಏಳು ಕೆ.ಜಿ., ಶೂಗಳು ಸೇರಿದರೆ ಹದಿಮೂರರ ಆಸುಪಾಸು. ಹೆಚ್ಚೇನಲ್ಲ. ಆದರೆ ಪ್ರತಿ ಕಪಾಟಿಗೂ ಹೀಗೇ ಹೇಳುತ್ತಾ ಹೋದರೆ ಹಳದಿ ಚೀಟಿ ಒಪ್ಪೋದಿಲ್ಲ.

ಜೋಡಿಸೋದು ಒಂದು ಶನಿವಾರದ ಕೆಲಸ. ಸ್ಕ್ರೂಗಿಂತ ಮೊದಲು ಸಣ್ಣ ತೂತು ಕೊರೆಯಬೇಕು, ಇಲ್ಲದಿದ್ದರೆ ಪಟ್ಟಿಯ ತುದಿ ಸೀಳುತ್ತೆ. ಪ್ರತಿ ಕೂಡಿಕೆಗೂ ಮರದ ಅಂಟು. ರಸ್ತೆಯ ಕುಲುಕಾಟಕ್ಕೆ ಬರೀ ಸ್ಕ್ರೂ ದಿನ ಕಳೆದಂತೆ ಸಡಿಲವಾಗುತ್ತೆ, ಅಂಟು ಆಗೋದಿಲ್ಲ. ಮೇಲಿನ ಮಣೆಯ ಮುಂದಿನ ಅಂಚಿಗೆ ಕೆಳಗಿನಿಂದ ಒಂದು ರೀಪು ಕೊಟ್ಟರೆ ಕೂತಾಗ ಬಾಗೋದಿಲ್ಲ. ಮೂಲೆಗಳನ್ನು ಸ್ಯಾಂಡ್‌ಪೇಪರಿನಲ್ಲಿ ಚೆನ್ನಾಗಿ ಉರುಟು ಮಾಡಿ. ಇಷ್ಟು ಸಣ್ಣ ಜಾಗದಲ್ಲಿ ಎಲ್ಲರ ಮೊಣಕಾಲೂ ಅದಕ್ಕೆ ತಾಗಿಯೇ ತಾಗುತ್ತೆ.

ಗೂಡನ್ನು ಹಾಸಿಗೆಯ ಚೌಕಟ್ಟಿಗೆ ಎರಡು ಎಲ್ ಆ್ಯಂಗಲ್ ಹಾಕಿ, 16 ಮಿ.ಮೀ. ಗಿಡ್ಡ ಸ್ಕ್ರೂನಲ್ಲಿ ಬಿಗಿದೆ. ತೆಳು ಹಲಗೆಯ ಹಿಂದೆ ಚೌಕಟ್ಟಿನ ಪಟ್ಟಿ ಎಲ್ಲಿದೆ ಅಂತ ಕಂಡುಹಿಡಿಯಲು ಫ್ರಿಜ್ಜಿನ ಅಯಸ್ಕಾಂತ ಸಾಕು. ಹಲಗೆಯನ್ನು ಪಟ್ಟಿಗೆ ಹೊಡೆದ ಪಿನ್ನುಗಳು ಅದನ್ನು ಹಿಡಿದುಕೊಳ್ಳುತ್ತವೆ. ಪ್ರಯಾಣದ ಹೊತ್ತಿಗೆ ಪ್ರತಿ ಅಂತಸ್ತಿನ ಮುಂದೆ ಎರಡು ಕೊಕ್ಕೆ, ಒಂದು ಎಲಾಸ್ಟಿಕ್ ಹಗ್ಗ. ಓಡುವ ಟ್ರೇಲರಿನೊಳಗೆ ಪ್ರತಿ ಹಳ್ಳಕ್ಕೂ ಒಂದು ಸಣ್ಣ ಭೂಕಂಪ ಆಗುತ್ತಿರುತ್ತೆ. ಕಟ್ಟದ ಶೂಗಳು ಅಡುಗೆಮನೆಯವರೆಗೆ ಬಂದಿರುತ್ತವೆ, ಮತ್ತೆ ಅಮ್ಮನಿಗೆ ಉತ್ತರ ಹೇಳೋದು ಯಾರು?

ಹೋ ಕ್ಯಾಂಪಿನಲ್ಲಿ ಕರೆಂಟಿನ ಸಂಪರ್ಕ ಇಲ್ಲ. ಶೂ ಒಣಗಿಸುವ ಯಂತ್ರ, ಹೇರ್ ಡ್ರೈಯರ್ ಯಾವುದೂ ನಡೆಯೋದಿಲ್ಲ, ಹೀಟರಿನ ಫ್ಯಾನೇ ಬ್ಯಾಟರಿಯನ್ನು ತಿಂದು ಹಾಕುತ್ತೆ. ಒಲೆಯ ಮೇಲೆ ಹಿಡಿದು ಒಣಗಿಸುವ ಯೋಚನೆಯಂತೂ ಬೇಡ. ಮುಚ್ಚಿದ ಜಾಗದಲ್ಲಿ ಅಷ್ಟು ಹೊತ್ತು ಗ್ಯಾಸ್ ಉರಿಸುವುದೇ ಅಪಾಯ, ಬಿಸಿಗೆ ಅಟ್ಟೆಯ ಅಂಟೂ ಬಿಡುತ್ತೆ. ನಮ್ಮಲ್ಲಿ ಕೆಲಸ ಮಾಡಿದ್ದು ಅಪ್ಪನ ವಿಧಾನ, ಹಳೇ ಪೇಪರ್. ಒಳಗಿನ ಅಟ್ಟೆ ತೆಗೆದು ಬೇರೆ ಇಟ್ಟು, ಬೂಟಿಗೆ ಪೇಪರ್ ತುರುಕಿ, ಒಂದು ಗಂಟೆಗೆ ಅದು ಒದ್ದೆಯಾದ ಮೇಲೆ ಬದಲಿಸಿ ಮಲಗೋದು. ಚಾವಣಿಯ ಕಿಂಡಿ ಎರಡು ಬೆರಳಷ್ಟು ತೆರೆದಿರಬೇಕು. ಬೆಳಿಗ್ಗೆಗೆ ಪೂರ್ತಿ ಒಣಗಿರಲಿಲ್ಲ, ಆದರೆ ಕಾಲು ಹಾಕಬಹುದಾಗಿತ್ತು.

ಮೊದಲ ದಿನ ಅಮ್ಮ ಮಣೆಯ ಮೇಲೆ ಕೂತು, ನಾನು ಲೇಸ್ ಕಟ್ಟಿದೆ. ಎರಡನೇ ದಿನ ಸೊಸೆ ಕಟ್ಟಿದಳು. ಮೂರನೇ ದಿನ ನಾವಿನ್ನೂ ಟೀ ಕುಡಿಯುತ್ತಿದ್ದೆವು, ಹಿಂದಿನಿಂದ "ಹೊರಡೋದಲ್ವೇನೋ?" ಅಂತ ಕೇಳಿತು. ನೋಡಿದರೆ ಒಂದು ಕಾಲನ್ನು ಕೆಳಗಿನ ಅಂತಸ್ತಿನ ಅಂಚಿನ ಮೇಲಿಟ್ಟುಕೊಂಡು ಶೂ ತಾನೇ ಹಾಕಿಕೊಂಡಿದ್ದಳು. ಆ ಅಂಚನ್ನು ಕಾಲಿಡೋಕೆ ಅಂತ ನಾನು ಮಾಡಿರಲೇ ಇಲ್ಲ. ಪಾಚಿ ಕಟ್ಟಿದ ಮೇಪಲ್ ಮರಗಳ ನಡುವೆ ಹಾಲ್ ಆಫ್ ಮಾಸಸ್ ಅಂತ ಒಂದು ದಾರಿ ಇದೆ, ಸುತ್ತಿ ಬಂದರೆ 1.3 ಕಿ.ಮೀ. ಅವತ್ತು ಅಮ್ಮ ಅದನ್ನು ಪೂರ್ತಿ ನಡೆದಳು, ನಡುನಡುವೆ ನಿಂತು, ಇಂಥ ಪಾಚಿ ನಮ್ಮ ಬಾವಿಕಟ್ಟೆಯಲ್ಲೂ ಇದೆ ಅಂತ ಅಪ್ಪನಿಗೆ ಹೇಳುತ್ತಾ.

ವಾಪಸು ಬಂದ ಮೇಲೆ ಕೆಳಗಿನ ಅಂಚಿಗೆ ಒಂದು ದಪ್ಪ ಪಟ್ಟಿ ಸೇರಿಸಿ, ಕಾಲು ಜಾರದ ಹಾಗೆ ರಬ್ಬರ್ ಅಂಟಿಸಿದ್ದೇನೆ. ಮುಂದಿನ ವಾರ ಕಲಾಲಾಕ್ ಸಮುದ್ರತೀರಕ್ಕೆ ಹೋಗೋದಿದೆ. ಅಲ್ಲಿ ಕೆಸರಿನ ಬದಲು ಮರಳು. ಅದಕ್ಕೆ ತಟ್ಟೆಯ ಜೊತೆ ಒಂದು ಹಿಡಿಕಡ್ಡಿಯೂ ಬೇಕಂತೆ, ಅಮ್ಮ ಈಗಲೇ ಪಟ್ಟಿಯಲ್ಲಿ ಬರೆಸಿದ್ದಾಳೆ.