ಡಿಕ್ಕಿ ಲಾಕ್ ಚೇಂಜ್ ಮಾಡ್ಸೋಕೆ ಮುಂಚೆ ಇದನ್ನ ಓದಿ

1/6
ನಿಮ್ಮಲ್ಲಿ ಅರ್ಧ ಜನರ ಸ್ಟೋರಿಯಲ್ಲಿ ಆಗಾಗ ಪೋರ್ಶೆ 944 ಬರುತ್ತೆ. ಹೆಡ್‌ಲೈಟ್ ಕಣ್ಣು ಬಿಟ್ಟ ಹಾಗೆ ಮೇಲೇಳುತ್ತಲ್ಲ, ಅದೇ ಕಾರು. ಲೈಕ್ ನಾನೂ ಒತ್ತೀನಿ. ಆದ್ರೆ ಇವತ್ತು ಅದರ ಮುಂದಿನ ಭಾಗ ಬಿಡಿ, ಹಿಂದೆ ಬನ್ನಿ. ಡಿಕ್ಕಿ ಲಾಕ್. "ಕೆಟ್ಟಿದ್ಯಾ? ಹೊಸದು ಹಾಕ್ಸು" ಅನ್ನೋ ನಮ್ಮ ಕಾಯಿಲೆಗೆ ಇದಕ್ಕಿಂತ ಒಳ್ಳೆ ಮದ್ದು ನನಗೆ ಸಿಕ್ಕಿಲ್ಲ. ಆರು ಭಾಗ ಇದೆ, ಸ್ಕಿಪ್ ಮಾಡ್ಬೇಡ್ರಪ್ಪಾ.

2/6
944 ತಯಾರಾಗಿದ್ದು 1982ರಿಂದ 1991ರವರೆಗೆ, ಬಹುಪಾಲು ಜರ್ಮನಿಯ ನೆಕ್ಕರ್ಸುಲ್ಮ್‌ನಲ್ಲಿರೋ ಆಡಿ ಫ್ಯಾಕ್ಟರಿಯಲ್ಲಿ. ಅಂದ್ರೆ ಕೊನೆಗೆ ಹೊರಬಿದ್ದ 944ಗೂ ನಮಗಿಂತ ವಯಸ್ಸು ಜಾಸ್ತಿ. ಅದರ ಹಿಂದಿನ ಮುಚ್ಚಳ ಅಂದ್ರೆ ಒಂದು ದೊಡ್ಡ ಬಾಗಿದ ಗಾಜು, ಸುತ್ತ ತೆಳ್ಳನೆ ಚೌಕಟ್ಟು. ಎರಡನ್ನೂ ಹಿಡಿದಿರೋದು ಅಂಟು. ಚೌಕಟ್ಟಿನ ಕೆಳಗೆ ಎಡಕ್ಕೊಂದು, ಬಲಕ್ಕೊಂದು ಪಿನ್. ಬಾಡಿ ಕಡೆ ಎರಡು ಲಾಕ್. ಮುಚ್ಚಿದಾಗ ಪಿನ್ ಲಾಕಿನೊಳಗೆ ಹೋಗಿ ಕಚ್ಚಿಕೊಳ್ಳುತ್ತೆ. ಎಲೆಕ್ಟ್ರಿಕ್ ಇರೋ ಕಾರಲ್ಲಿ ಸ್ವಿಚ್ ಒತ್ತಿದ್ರೆ ಸಣ್ಣ ಮೋಟರ್ ಎರಡನ್ನೂ ಬಿಡಿಸುತ್ತೆ.

ಇಲ್ಲಿ ಗಮನಿಸಿ: ಆ ಪಿನ್ನಿಗೆ ಥ್ರೆಡ್ ಇದೆ, ಲಾಕ್ ನಟ್ ಇದೆ. ನಟ್ ಸಡಿಲಿಸಿ ತಿರುಗಿಸಿದ್ರೆ ಪಿನ್ ಉದ್ದ, ಗಿಡ್ಡ ಆಗುತ್ತೆ. ಅಂದ್ರೆ ಅಳತೆ ತಪ್ಪಿದಾಗ ಯಾರಾದ್ರೂ ಸರಿ ಮಾಡ್ಕೊಳ್ಳಲಿ ಅಂತಾನೇ ದಾರಿ ಬಿಟ್ಟಿದ್ದಾರೆ.

3/6
ಪಿನ್ ತೀರಾ ಉದ್ದ ಇದ್ರೆ ಮುಚ್ಚಳ ಸಡಿಲ, ರಸ್ತೆ ಗುಂಡಿ ಸಿಕ್ಕಾಗೆಲ್ಲ ಗಡಗಡ. ತೀರಾ ಗಿಡ್ಡ ಇದ್ರೆ ಕಚ್ಚೋದೇ ಇಲ್ಲ. ಪಕ್ಕಕ್ಕೆ ಸರಿದಿದ್ರೆ ಲಾಕಿನ ಅಂಚಿಗೆ ಬಡಿಯುತ್ತೆ. ಆಗ ಮಾಲೀಕ ಏನ್ ಮಾಡ್ತಾನೆ? ಎತ್ತಿ ಧಡಾರ್ ಅಂತ ಬಡೀತಾನೆ. ಸ್ಕೂಟರ್ ಸೀಟು ಕಚ್ಕೊಳ್ಳದಿದ್ರೆ ನಾವು ಗುದ್ದಲ್ವಾ, ಹಾಗೇ.

ಆ ಏಟು ಬೀಳೋದು ಅಂಟಿಗೆ. ಗಾಜು ಚೌಕಟ್ಟಿಂದ ಬಿಟ್ಟುಕೊಳ್ಳೋದು ಈ ಕಾರಿನ ಹೆಸರುವಾಸಿ ತೊಂದರೆ. ನಟ್ ತಿರುಗಿಸೋ ಕೆಲಸ ಹೋಗಿ ಗಾಜು ಬಿಚ್ಚಿ ಅಂಟಿಸೋ ಕೆಲಸ ಆಯ್ತು.

4/6
ಸರಿಯಾದ ದಾರಿ ಹೀಗಿದೆ. ಮೊದಲು ಕಿವಿ ಕೊಡಿ. ಸ್ವಿಚ್ ಒತ್ತಿದಾಗ ಮೋಟರ್ ಸದ್ದೇ ಇಲ್ವಾ? ಮೊದಲು ಫ್ಯೂಸ್, ಸ್ವಿಚ್, ವೈರ್ ನೋಡಿ. ಸದ್ದಿದ್ರೆ, ಡಿಕ್ಕಿ ಮೇಲಿದ್ದಾಗಲೇ ಸ್ಕ್ರೂಡ್ರೈವರ್‌ನಿಂದ ಎರಡೂ ಲಾಕ್ ಒತ್ತಿ ಮುಚ್ಚಿ. ಈಗ ಸ್ವಿಚ್ ಒತ್ತಿ. ಎರಡೂ ಟಕ್ ಅಂತ ಬಿಟ್ಕೊಂಡ್ವಾ? ಹಾಗಾದ್ರೆ ಲಾಕ್ ಚೆನ್ನಾಗಿದೆ, ಮೋಟರ್ ಚೆನ್ನಾಗಿದೆ. ನೀವು ಎಸೆಯೋಕೆ ಹೊರಟಿದ್ದ ಪಾರ್ಟಿಗೆ ಏನೂ ಆಗಿಲ್ಲ. ಪಿನ್ ಅಳತೆ ನೋಡಿ.

ಗಟ್ಟಿಯಾದ ಹಳೇ ಗ್ರೀಸ್ ಒರೆಸಿ ತೆಗೀರಿ, ಹೊಸದು ಸ್ವಲ್ಪ ಹಚ್ಚಿ. ಪಿನ್ ತುದಿಗೆ ಚಾಕ್ ಬಳಿದು ಮುಚ್ಚಳ ನಿಧಾನಕ್ಕೆ ಇಳಿಸಿ, ಗುರುತು ಎಲ್ಲಿ ಬಿತ್ತು ನೋಡಿ. ಅರ್ಧರ್ಧ ಸುತ್ತು ತಿರುಗಿಸಿ, ಪ್ರತಿ ಸಲ ಪರೀಕ್ಷೆ ಮಾಡಿ. ಕೊನೆಗೆ ಲಾಕ್ ನಟ್ ಬಿಗಿ ಮಾಡೋದು ಮರೀಬೇಡಿ. ಸ್ಪ್ರಿಂಗ್ ಮುರಿದಿದ್ರೆ, ಹಲ್ಲು ಸವೆದಿದ್ರೆ ಖಂಡಿತ ಬದಲಾಯಿಸಿ. ಬೇಡ ಅಂದವರು ಯಾರು? ಆದ್ರೆ ಯಾವುದು ಕೆಟ್ಟಿದೆ ಅಂತ ಗೊತ್ತಾದ ಮೇಲೆ.

5/6
ಈಗ ಸ್ವಲ್ಪ ಖಾರ. "ಗ್ಯಾರೇಜಿನವರು ಸುಮ್ನೆ ಪಾರ್ಟ್ ಚೇಂಜ್ ಮಾಡಿ ದುಡ್ಡು ಕೀಳ್ತಾರೆ" ಅಂತ ಎಲ್ಲರೂ ಬೈತೀವಿ. ಅವರಿಗೆ ಅದನ್ನ ಕಲಿಸಿದ್ದು ಯಾರು? ಬಿಲ್ಲಲ್ಲಿ "ಹೊಸ ಲಾಕ್ 2,000" ಅಂತಿದ್ರೆ ತೆಪ್ಪಗೆ ಕೊಡ್ತೀವಿ. "ಚೆಕ್ ಮಾಡಿ ಅಡ್ಜಸ್ಟ್ ಮಾಡಿದ್ದು 300" ಅಂತಿದ್ರೆ "ಏನಣ್ಣ, ಒಂದು ನಟ್ ತಿರುಗ್ಸಿದ್ದಕ್ಕೆ ಮುನ್ನೂರಾ?" ಅಂತ ಜಗಳಕ್ಕೆ ನಿಲ್ತೀವಿ. ಡಬ್ಬದಲ್ಲಿ ಬಂದಿದ್ದಕ್ಕೆ ಬೆಲೆ ಇದೆ, ತಲೆಯಲ್ಲಿ ಇರೋದಕ್ಕೆ ಇಲ್ಲ. ಒಂದು ಗಂಟೆ ಬಗ್ಗಿ ಹುಡುಕಿದ ಅಣ್ಣನಿಗೆ ಮುನ್ನೂರು ಕೊಡದಿದ್ರೆ ಮುಂದಿನ ಸಲ ಅವರು ಹುಡುಕೋದೇ ಇಲ್ಲ, ಡಬ್ಬ ಮಾರ್ತಾರೆ. ನಾವು ಬಿಕಾಂನೋರು ಕಾಸ್ಟಿಂಗ್ ನೋಟ್ಸಲ್ಲಿ ಮೆಟೀರಿಯಲ್, ಲೇಬರ್ ಅಂತ ಬೇರೆ ಬೇರೆ ಕಾಲಂ ಎಳೀತೀವಿ. ಗ್ಯಾರೇಜ್ ಮುಂದೆ ನಿಂತಾಗ ಲೇಬರ್ ಕಾಲಂ ಎಲ್ಲಿ ಹೋಗುತ್ತೆ?

6/6
"ಎಲ್ಲಾ ಕಂಪನಿಗಳ ಆಟ ಗುರು" ಅಂತೀರಾ? ಅದೂ ನಿಜ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜ್‌ಗಳಿಗೆ ಸಲೀಸಾಗಿ ಸಿಗದ ಹಾಗೆ ಮಾಡಿದ್ದು ಆರೋಪ. ಕಂಪನಿಗಳು ಮೇಲ್ಮನವಿ ಹಾಕಿದ್ವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೆ ಅಂತಾನೇ ಒಂದು ಪೋರ್ಟಲ್ ಶುರು ಮಾಡಿತು. ಅದರಲ್ಲಿ ಮೊಬೈಲೂ ಇದೆ, ಗಾಡಿಗಳೂ ಇವೆ.

ಆದ್ರೆ ಹಕ್ಕು ಸಿಕ್ಕಿ ಏನು ಪ್ರಯೋಜನ, ರಿಪೇರಿ ಗೊತ್ತಿರೋರೇ ಉಳಿಯದಿದ್ರೆ? ನಾಳೆ ಬಿಲ್ ಪಾಸ್ ಮಾಡೋ, ಇನ್ಶೂರೆನ್ಸ್ ಕ್ಲೇಮ್ ನೋಡೋ ಕುರ್ಚಿಯಲ್ಲಿ ಕೂರೋದು ನಾವೇ. ಅಲ್ಲಿವರೆಗೂ ಕಾಯ್ಬೇಕಿಲ್ಲ. ಈ ವಾರ ನಿಮ್ಮ ಗಾಡಿ ಗ್ಯಾರೇಜಿಗೆ ಹೋದ್ರೆ ಎರಡೇ ಮಾತು ಹೇಳಿ: "ಅಣ್ಣ, ಏನಾಗಿದೆ ಅಂತ ಮೊದಲು ನೋಡಿ. ನೋಡಿದ್ದಕ್ಕೂ ದುಡ್ಡು ಕೊಡ್ತೀನಿ." ಮತ್ತೆ ಕೊಡಿ. ಚೌಕಾಸಿ ಮಾಡ್ದೆ ಕೊಡಿ.

#ರಿಪೇರಿಮಾಡಿ #ಡಿಕ್ಕಿಲಾಕ್ #ಪೋರ್ಶೆ944 #ಬಿಕಾಂಹುಡುಗ್ರು